ಸಂಚಾರ ಕ್ಯಾಮೆರಾ ವ್ಯವಸ್ಥೆ: ಅಗತ್ಯದಿಂದ ಖರೀದಿಯವರೆಗೆ

ನೆಲದ ಗುಣವನ್ನು ತಿಳಿದು ನೇಗಿಲು ಕಟ್ಟುವುದು ಬಡಗಿಯ ಪರಂಪರಾಗತ ವಿವೇಕ. ಉಪಕರಣಕ್ಕಿಂತ ಅಗತ್ಯ ಮೊದಲು ಎಂಬ ಈ ತಿಳಿವಳಿಕೆಯನ್ನೇ ವ್ಯವಸ್ಥಾ ಎಂಜಿನಿಯರಿಂಗ್ ಶಾಸ್ತ್ರಬದ್ಧಗೊಳಿಸಿದೆ. ಹೆದ್ದಾರಿಯ ಸಂಚಾರ ಕ್ಯಾಮೆರಾಗಳ ಖರೀದಿ ಇದಕ್ಕೊಂದು ನಿದರ್ಶನ.

ಅಮೆರಿಕದ ಒಕ್ಕೂಟ ಹೆದ್ದಾರಿ ಆಡಳಿತವು 2001ರಲ್ಲಿ ಹೊರಡಿಸಿದ 940ನೆಯ ಭಾಗದ ನಿಯಮವು, ಹೆದ್ದಾರಿ ನ್ಯಾಸನಿಧಿಯ ಹಣ ಪಡೆಯುವ ಚತುರ ಸಾರಿಗೆ ಯೋಜನೆಗಳಿಗೆ ಇಂತಹ ವಿಶ್ಲೇಷಣೆಯನ್ನು ಕಡ್ಡಾಯಗೊಳಿಸಿತು. ಸಂಸ್ಥೆಗಳ ಹೊಣೆ, ನಿಬಂಧನೆಗಳ ನಿರೂಪಣೆ, ಪರ್ಯಾಯಗಳ ತುಲನೆ, ಖರೀದಿಯ ವಿಧಾನ, ಮಾನಕಗಳು ಹಾಗೂ ಪರೀಕ್ಷೆ, ನಿರ್ವಹಣೆಯ ಸಂಪನ್ಮೂಲ ಇವು ಅದರ ಮುಖ್ಯ ಅಂಗಗಳು. ವಿಶ್ಲೇಷಣೆಯ ವಿಸ್ತಾರ ಯೋಜನೆಯ ಗಾತ್ರಕ್ಕೆ ತಕ್ಕಂತಿರಬೇಕೆಂದೂ ನಿಯಮ ಹೇಳುತ್ತದೆ.

ಈ ಕ್ರಮದಲ್ಲಿ ಮೊದಲ ಪ್ರಶ್ನೆ ‘ಯಾವ ಕ್ಯಾಮೆರಾ’ ಎಂಬುದಲ್ಲ. ‘ಯಾರು, ಏನನ್ನು, ಏಕೆ ನೋಡಬೇಕು’ ಎಂಬುದು. ಅಪಘಾತವನ್ನು ದೃಢಪಡಿಸಿಕೊಳ್ಳುವುದು ನಿಯಂತ್ರಣ ಕೊಠಡಿಯ ನಿರ್ವಾಹಕನ ಅಗತ್ಯವೆನ್ನೋಣ. ರಾತ್ರಿಯಲ್ಲಿಯೂ ನಿಗದಿತ ದೂರದ ವಾಹನ ಗೋಚರಿಸಬೇಕೆಂಬುದು ಅದರಿಂದ ಹುಟ್ಟುವ ನಿಬಂಧನೆ. ಕಂಬದ ಎತ್ತರ, ಮಸೂರ, ಸಂಪರ್ಕಜಾಲ ಇವು ಆ ಬಳಿಕದ ವಿನ್ಯಾಸದ ಮಾತು. ಪ್ರತಿ ನಿಬಂಧನೆಯೂ ಒಂದು ಅಗತ್ಯದಲ್ಲಿ ಬೇರೂರಿ ಒಂದು ಪರೀಕ್ಷೆಯಲ್ಲಿ ಕೊನೆಗೊಳ್ಳಬೇಕು. ‘ವಿ’ ಆಕಾರದ ಚಿತ್ರ ಸೂಚಿಸುವುದು ಇದನ್ನೇ: ಎಡಗಡೆ ಇಳಿಯುವ ಪ್ರತಿ ಹಂತವನ್ನು ಬಲಗಡೆ ಏರುವ ಪರೀಕ್ಷೆಗಳು ಒರೆಗೆ ಹಚ್ಚುತ್ತವೆ.

ಈ ಸರಣಿ ತಪ್ಪಿದರೆ ಮಾರಾಟಗಾರನ ಪಟ್ಟಿಯೇ ಅಗತ್ಯವಾಗಿಬಿಡುತ್ತದೆ. ಒಬ್ಬನೇ ತಯಾರಕನ ಸಂಕೇತಭಾಷೆಗೆ ಕಟ್ಟುಬಿದ್ದರೆ ಮುಂದಿನ ಖರೀದಿಯಲ್ಲಿ ಆಯ್ಕೆ ಉಳಿಯದು. ಕ್ಯಾಮೆರಾ ನಿಯಂತ್ರಣಕ್ಕೆ ಎನ್‌ಟಿಸಿಐಪಿ 1205ರಂತಹ ಸಾಮಾನ್ಯ ಮಾನಕದ ಮಹತ್ವ ಇರುವುದು ಇಲ್ಲಿಯೇ. ಮಸೂರ ಒರೆಸುವವರ ವೇತನವನ್ನೂ ಮೊದಲೇ ಲೆಕ್ಕಿಸದ ಯೋಜನೆಯು ಕಾಲಕ್ರಮದಲ್ಲಿ ಕುರುಡಾಗುವ ಕಣ್ಣುಗಳನ್ನು ಕೊಂಡಂತೆಯೇ ಸರಿ.