ತೊಟ್ಟಿಲಿನ ಬಣ್ಣ ಮತ್ತು ಮಾರಾಟಗಾರನ ಹೊಣೆ

ಧಾರವಾಡ ಜಿಲ್ಲೆಯ ಕಲಘಟಗಿಯ ತೊಟ್ಟಿಲುಗಳು ಸಾಗುವಾನಿ ಮರಕ್ಕೂ ಅರಗಿನ ಬಣ್ಣಕ್ಕೂ ಹೆಸರಾಗಿವೆ. ಹಲ್ಲು ಮೂಡುವ ಕೂಸು ತೊಟ್ಟಿಲಿನ ಅಂಚನ್ನು ಕಚ್ಚದೆ ಬಿಡದು. ಬಣ್ಣದಲ್ಲಿ ಸೀಸವಿದ್ದರೆ, ಅದು ಅಲ್ಪ ಪ್ರಮಾಣದಲ್ಲಿಯೂ ಮಗುವಿನ ಮಿದುಳಿನ ಬೆಳವಣಿಗೆಗೆ ಹಾನಿಕರ.

ಅರಗಿನ ಬಗ್ಗೆ ಆತಂಕ ಬೇಡ. ಶುದ್ಧೀಕರಿಸಿದ ಅರಗನ್ನು ಮಿಠಾಯಿ ಹಾಗೂ ಮಾತ್ರೆಗಳ ಮೆರುಗಿಗೂ ಬಳಸುವುದುಂಟು. ವಿಚಾರಿಸಬೇಕಾದುದು ಅದರಲ್ಲಿ ಬೆರೆಸಿದ ವರ್ಣದ್ರವ್ಯವನ್ನು. ಹಳದಿ, ಕಿತ್ತಳೆ ಬಣ್ಣಗಳಲ್ಲಿ ಸೀಸದ ಕ್ರೋಮೇಟ್ ಇರುವ ಸಂಭವವಿದೆ. ‘ನೈಸರ್ಗಿಕ ಬಣ್ಣ’ವೆಂಬ ಬಾಯಿಮಾತಿಗೆ ಲೆಕ್ಕಪುಸ್ತಕದಲ್ಲಿ ಸ್ಥಾನವಿಲ್ಲ!

2016ರ ನಿಯಮಗಳನ್ವಯ, 2017ರ ನವೆಂಬರ್ 1ರಿಂದ ಗೃಹಬಳಕೆಯ ಹಾಗೂ ಅಲಂಕಾರಿಕ ಬಣ್ಣಗಳಲ್ಲಿ ಸೀಸದ ಮಿತಿಯು ಹತ್ತು ಲಕ್ಷ ಭಾಗಗಳಿಗೆ 90 ಭಾಗ. ಡಬ್ಬಿಯ ಮೇಲೆ ಇದನ್ನು ನಮೂದಿಸಿರಬೇಕು. ಕೈಗಾರಿಕಾ ಬಣ್ಣಗಳನ್ನು ಈ ನಿಯಮಗಳು ಒಳಗೊಂಡಿಲ್ಲ. ಯಂತ್ರಗಳಿಗೆ ಬಳಿದು ಉಳಿದ ಬಣ್ಣವನ್ನು ತೊಟ್ಟಿಲಿಗೆ ಬಳಿಯುವವರು ಇದನ್ನು ಗಮನಿಸಬೇಕು.

ವರ್ತಕ ಸದಸ್ಯರಿಗೂ ಇದು ಅನ್ವಯಿಸುತ್ತದೆ. ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ 86ನೇ ಪ್ರಕರಣದ ಮೇರೆಗೆ, ದೋಷಯುಕ್ತ ವಸ್ತುವಿನ ತಯಾರಕನು ಯಾರೆಂದು ತಿಳಿಯದಿದ್ದಲ್ಲಿ ಮಾರಾಟಗಾರನೇ ಪರಿಹಾರಕ್ಕೆ ಹೊಣೆಯಾಗುತ್ತಾನೆ. ಬಿಲ್ಲಿಲ್ಲದೆ ಕೊಂಡ ತೊಟ್ಟಿಲಿನ ಅಗ್ಗದ ಬೆಲೆಯಲ್ಲಿ ಈ ಹೊಣೆಯೂ ಅಡಗಿರುತ್ತದೆ.

ಆದುದರಿಂದ ಕುಶಲಕರ್ಮಿಯ ಹೆಸರು ವಿಳಾಸವುಳ್ಳ ಬಿಲ್ಲು, ಬಣ್ಣದ ಖರೀದಿ ಬಿಲ್ಲು, ಡಬ್ಬಿಯ ಬ್ಯಾಚ್ ಸಂಖ್ಯೆ ಇವುಗಳನ್ನು ಒಂದೇ ಕಡತದಲ್ಲಿ ಇರಿಸತಕ್ಕದ್ದು. ಸಡಿಲ ಪುಡಿಬಣ್ಣವಾದರೆ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷಿಸಿಯೇ ಬಳಸುವುದು ಕ್ಷೇಮ. ಪರೀಕ್ಷಾ ಶುಲ್ಕವನ್ನು ಆ ಬಣ್ಣದಿಂದ ತಯಾರಾಗುವ ಅಷ್ಟೂ ತೊಟ್ಟಿಲುಗಳ ಉತ್ಪಾದನಾ ವೆಚ್ಚಕ್ಕೆ ಹಂಚಿ, ಬೆಲೆ ನಿಗದಿಪಡಿಸಬಹುದು.