ಕಬಡ್ಡಿಯಲ್ಲಿ ಹಿಡಿತ: ನ್ಯಾಯವಾದುದು, ಅಪಾಯವಾದುದು

ಮೈಗೆ ಮೈ ತಾಗದೆ ಆಡುವ ಆಟಗಳು ಹಲವು ಇವೆ. ಆದರೆ ಎದುರಾಳಿಯ ಮೈಯನ್ನೇ ಹಿಡಿಯುವುದು ಆಟದ ಉದ್ದೇಶವಾಗಿರುವಲ್ಲಿ ಒಂದು ತೊಡಕಿನ ಪ್ರಶ್ನೆ ಹುಟ್ಟುತ್ತದೆ. ಯಾವ ಹಿಡಿತ ನ್ಯಾಯವಾದುದು, ಯಾವುದು ಅಪಾಯವಾದುದು? ಇವೆರಡೂ ಒಂದೇ ಪ್ರಶ್ನೆಯೆಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಹಾಗಲ್ಲವೆಂದು ತೋರಿಸುವುದೇ ಈ ಲೇಖನದ ಉದ್ದೇಶ.

ಕಬಡ್ಡಿ ನಮ್ಮ ಸೀಮೆಗೆ ಹೊಸದಲ್ಲ. ನಮ್ಮ ಕಡೆಯ ಹಿರಿಯರ ಬಾಯಲ್ಲಿ ಇದು ಈಗಲೂ 'ಹುತುತು'. ಮಹಾರಾಷ್ಟ್ರದಲ್ಲಿಯೂ ಅದೇ ಹೆಸರು. ಬಾಗಲಕೋಟೆ 1956ರ ವರೆಗೆ ಮುಂಬಯಿ ರಾಜ್ಯದಲ್ಲಿದ್ದುದನ್ನು ನೆನೆದರೆ ಇದರಲ್ಲಿ ಆಶ್ಚರ್ಯವೇನಿಲ್ಲ. ಊರೂರಿಗೆ ಒಂದೊಂದು ಬಗೆಯಲ್ಲಿದ್ದ ಈ ಆಟಕ್ಕೆ 1923ರಲ್ಲಿ ಬಡೋದೆಯಲ್ಲಿ ನಿಯಮಗಳ ಒಂದು ಚೌಕಟ್ಟು ಬಂದಿತು. 1990ರಲ್ಲಿ ಬೀಜಿಂಗಿನ ಏಷ್ಯಾ ಕ್ರೀಡಾಕೂಟದಲ್ಲಿ ಇದು ಪದಕದ ಆಟವಾಯಿತು. ಮಹಿಳೆಯರಿಗೆ ಆ ಭಾಗ್ಯ 2010ರಲ್ಲಿ ಗುವಾಂಗ್‌ಝೌನಲ್ಲಿ ಒದಗಿತು. ಬಿ. ಸಿ. ರಮೇಶ, ತೇಜಸ್ವಿನಿಬಾಯಿ, ಮಮತಾ ಪೂಜಾರಿ ಮೊದಲಾದ ಕನ್ನಡ ನಾಡಿನ ಆಟಗಾರರು ಅರ್ಜುನ ಪ್ರಶಸ್ತಿ ಪಡೆದಿದ್ದಾರೆ.

ಆಟ ಬಲ್ಲವರು ಮನ್ನಿಸಬೇಕು. ಕ್ರೀಡಾಂಗಣವನ್ನು ಗ್ರಂಥಾಲಯದ ಕಿಟಕಿಯಿಂದ ಮಾತ್ರ ನೋಡಿದ ಗುರುಗಳೂ ಮಿತ್ರರೂ ಇರುವುದರಿಂದ ಎರಡು ಮಾತು ಹೇಳಬೇಕಾಗಿದೆ. ಪುರುಷರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಪ್ರತಿ ಪಕ್ಷದಲ್ಲಿ 7 ಜನ. ದಾಳಿಗಾರನು (ನಮ್ಮ ಹುಡುಗರ ಭಾಷೆಯಲ್ಲಿ 'ರೈಡರ್') ಒಂದೇ ಉಸಿರಿನಲ್ಲಿ 'ಕಬಡ್ಡಿ ಕಬಡ್ಡಿ' ಎನ್ನುತ್ತ ಎದುರು ಪಾಳೆಯ ಹೊಕ್ಕು, ಒಬ್ಬನನ್ನಾದರೂ ಮುಟ್ಟಿ, 30 ಸೆಕೆಂಡಿನೊಳಗೆ ನಡುಗೆರೆಗೆ ಮರಳಬೇಕು. ಎದುರಿನವರು ಅವನನ್ನು ಮರಳಗೊಡಬಾರದು.

ನಿಯಮ ಹೇಳುವುದು ಸ್ಪಷ್ಟವಾಗಿದೆ. ದಾಳಿಗಾರನನ್ನು ಕೈಕಾಲು ಅಥವಾ ಮುಂಡದ ಭಾಗದಲ್ಲಿ ಮಾತ್ರ ಹಿಡಿಯತಕ್ಕದ್ದು. ಕೂದಲು, ಕುತ್ತಿಗೆ, ತಲೆ ಇವು ನಿಷಿದ್ಧ. ಬಾಯಿ ಮುಚ್ಚುವುದು, ಗಂಟಲು ಒತ್ತುವುದು, ಎರಡು ಕಾಲುಗಳ ನಡುವೆ ಅವನ ಕಾಲನ್ನು ಸಿಕ್ಕಿಸಿ ಕತ್ತರಿ ಹಾಕುವುದು, ಗಾಯವಾಗುವಂತೆ ಕ್ರೂರವಾಗಿ ಕೆಡವುವುದು ಕೂಡದು. ಹೀಗೆ ಹಿಡಿದರೆ ದಾಳಿಗಾರ ಔಟ್ ಆಗುವುದಿಲ್ಲ. ಉಗುರು ಕತ್ತರಿಸಿರಬೇಕು, ಮೈಗೆ ಎಣ್ಣೆ ಹಚ್ಚಿರಬಾರದು, ಆಭರಣ ಧರಿಸಿರಬಾರದು ಎಂಬ ಸಣ್ಣ ಸಣ್ಣ ಕಟ್ಟಳೆಗಳೂ ಉಂಟು.

ಬಾಯಿ ಮುಚ್ಚುವುದನ್ನು ಹೆಸರಿಟ್ಟು ನಿಷೇಧಿಸಿದ್ದೇಕೆ? ಉಳಿದ ಆಟಗಳಲ್ಲಿ ಇಂಥ ನಿಯಮದ ಅಗತ್ಯವೇ ಬಾರದು. ಕಬಡ್ಡಿಯಲ್ಲಿ ಉಸಿರೇ ದಾಳಿಗಾರನ ಬಂಡವಾಳ. ಸೊಲ್ಲು ನಿಂತರೆ ದಾಳಿ ಮುಗಿದಂತೆ. ನಾಲ್ಕು ಜನರು ಮೇಲೆ ಬಿದ್ದಾಗ ಅವರಲ್ಲೊಬ್ಬನ ಅಂಗೈ ಬಾಯಿಯ ಮೇಲೆ ಹೋಗುವುದು ಸುಲಭ, ಅದು ನಿರ್ಣಾಯಕನ ಕಣ್ಣಿಗೆ ಬೀಳುವುದು ಕಠಿಣ. ಆದರೆ ಅಷ್ಟು ಹೊತ್ತು ಕೂಗಿ ಎದೆಯೊಳಗಿನ ಗಾಳಿಯನ್ನೆಲ್ಲ ಖರ್ಚು ಮಾಡಿದವನಿಗೆ ಆ ಗಳಿಗೆಯಲ್ಲಿ ಬೇಕಾದದ್ದು ಉಸಿರು. ಅವನ ಬಾಯಿ ಮುಚ್ಚಿ ಎದೆಯ ಮೇಲೆ ಮೂವರು ಕೂಡುವುದು ಆಟದ ಮಾತಲ್ಲ.

ಇವೆಲ್ಲ ಅನ್ಯಾಯವೂ ಹೌದು, ಅಪಾಯವೂ ಹೌದು, ಇಲ್ಲಿ ವಿವಾದವಿಲ್ಲ. ತೊಡಕು ಇರುವುದು ನ್ಯಾಯವಾದ ಹಿಡಿತಗಳಲ್ಲಿ.

ಕಣಕಾಲು ಹಿಡಿತವನ್ನೇ ತೆಗೆದುಕೊಳ್ಳಿರಿ. ಮೂಲೆಯಲ್ಲಿ ನಿಂತವನು ಬಾಗಿ, ಚಂಗನೆ ಮುಂದೆ ಚಿಮ್ಮಿ, ದಾಳಿಗಾರನ ಕಣಕಾಲನ್ನು ಎರಡೂ ಕೈಗಳಿಂದ ಹಿಡಿದು ತನ್ನತ್ತ ಎಳೆಯುತ್ತಾನೆ. ಇದು ಪೂರ್ಣ ನ್ಯಾಯವಾದ ಹಿಡಿತ, ನೋಡಲೂ ಅಂದ. ಇದರಲ್ಲಿ ಹೆಚ್ಚು ಅಪಾಯವಿರುವುದು ಹಿಡಿದವನಿಗೇ. ಅವನ ತಲೆ ಎದುರಾಳಿಯ ಮೊಣಕಾಲಿನ ಮಟ್ಟಕ್ಕೆ ಬಂದಿರುತ್ತದೆ. ದಾಳಿಗಾರನು ಬಿಡಿಸಿಕೊಳ್ಳಲು ಕಾಲು ಕೊಡವಿದರೆ ಪೆಟ್ಟು ದವಡೆಗೆ. ಆದ್ದರಿಂದಲೇ ಬಲ್ಲವರು ತಲೆಯನ್ನು ಕಾಲಿನ ಎದುರಿಗೆ ಇಡದೆ ಹೊರಬದಿಗೆ ಇಡಲು ಕಲಿಸುತ್ತಾರೆ.

ಈಗ ಅದೇ ಕಾಲು ನೆಲದಲ್ಲಿ ಊರಿ ನಿಂತಿದೆಯೆನ್ನಿ. ಒಬ್ಬನು ಕಣಕಾಲನ್ನು ಬಿಗಿಹಿಡಿದಿದ್ದಾನೆ. ಅಷ್ಟರಲ್ಲಿ ಇನ್ನೊಬ್ಬನು ಪಕ್ಕದಿಂದ ಬಂದು ತೊಡೆಗೆ ಕೈಹಾಕಿ ಮೈಭಾರವನ್ನೆಲ್ಲ ಬಿಟ್ಟನು. ಅವನದೂ ನ್ಯಾಯವಾದ ಹಿಡಿತವೇ. ಆದರೆ ಕೆಳಗೆ ಪಾದ ಅಲುಗುತ್ತಿಲ್ಲ, ಮೇಲೆ ತೊಡೆ ಬದಿಗೆ ವಾಲುತ್ತಿದೆ. ನಡುವೆ ಸಿಕ್ಕದ್ದು ಮೊಣಕಾಲು. ಮೊಣಕಾಲು ಬಾಗಿಲಿನ ಕೀಲಿನಂತೆ ಹಿಂದೆ ಮುಂದೆ ಮಡಚಲು ಆದ ಕೀಲು, ಬದಿಗೆ ಬಾಗಲು ಆದುದಲ್ಲ. ಒಳಗಿನ ಕಟ್ಟುನರ ಹರಿಯುವುದು ಬಹುಮಟ್ಟಿಗೆ ಹೀಗೆಯೇ. ನಿಯಮವು ಒಂದೊಂದು ಹಿಡಿತವನ್ನು ಬಿಡಿಬಿಡಿಯಾಗಿ ತೂಗುತ್ತದೆ; ಅಪಾಯವೋ ಎರಡು ನ್ಯಾಯವಾದ ಹಿಡಿತಗಳು ಕೂಡಿದಲ್ಲಿ ಹುಟ್ಟುತ್ತದೆ.

ಜಿಗಿತದ ಮಾತೂ ಹೀಗೆಯೇ. ಕೈಕೈ ಹಿಡಿದ ಸರಪಳಿಯ ಮೇಲಿಂದ ದಾಳಿಗಾರನು ಹಾರಿದಾಗ ಜನ ಸಿಳ್ಳು ಹೊಡೆಯುತ್ತಾರೆ. ಆ ಕ್ಷಣದಲ್ಲಿ ಅವನ ಪಾದ ಹಿಡಿದರೆ ಕಾಲು ಮೇಲೆ ಉಳಿದು ತಲೆ ಮೊದಲು ನೆಲಕ್ಕೆ ಬರುತ್ತದೆ. ಪಾದವೂ ಅಂಗವೇ, ಆದ್ದರಿಂದ ಹಿಡಿತ ನ್ಯಾಯವೆನ್ನಬಹುದು. ಆದರೆ ನಡ ಹಿಡಿದು ಅವನ ಜೊತೆಗೇ ಕೆಳಗೆ ಬರುವುದಕ್ಕೂ ಇದಕ್ಕೂ ಭೂಮ್ಯಾಕಾಶದ ಅಂತರ. ಆಸ್ಟ್ರೇಲಿಯದವರ ಕಾಲ್ಚೆಂಡಾಟದಲ್ಲಿ ಎತ್ತರದ ಚೆಂಡಿಗಾಗಿ ಹಲವರು ಒಟ್ಟಿಗೆ ಹಾರುತ್ತಾರೆ. ಚೆಂಡು ಹಿಡಿಯುವುದೊಂದೇ ಉದ್ದೇಶವಾಗಿ ಹಾರಿದವನ ಮೈ ಇನ್ನೊಬ್ಬರಿಗೆ ತಾಗಿದರೆ ಅಲ್ಲಿ ತಪ್ಪೆಣಿಸುವುದಿಲ್ಲ. ಬೆನ್ನಿಗೆ ಕೈಕೊಟ್ಟು ತಳ್ಳಿದರೆ ತಪ್ಪು. ಅಲ್ಲಿ ನಿರ್ಣಾಯಕನು ಆಟಗಾರನ ಉದ್ದೇಶವನ್ನು ಚೆಂಡಿನಿಂದ ಅಳೆಯಬಹುದು. ನಮ್ಮ ಆಟದಲ್ಲಿ ಚೆಂಡಿಲ್ಲ, ಮನುಷ್ಯನೇ ಚೆಂಡು. ಆದ್ದರಿಂದ ನಮ್ಮ ನಿರ್ಣಾಯಕನ ಕೆಲಸ ಹೆಚ್ಚು ಕಠಿಣವೆಂದು ನನ್ನ ಅಭಿಪ್ರಾಯ.

ಇಷ್ಟೆಲ್ಲ ಯಾಕೆ ಎಂದು ಕೆಲವರು ಕೇಳಬಹುದು. ಗಂಡಸರ ಆಟದಲ್ಲಿ ಪೆಟ್ಟು ಸಹಜವೆಂಬ ಮಾತಂತೂ ಸಿದ್ಧವಾಗಿಯೇ ಇರುತ್ತದೆ. ನನ್ನ ಊರಿನ ಹುಡುಗನೊಬ್ಬನು ಪೊಲೀಸ್ ಭರ್ತಿಗಾಗಿ ದಿನಾಲು ನಸುಕಿನಲ್ಲಿ ಓಡುತ್ತಿದ್ದನು. ಜಾತ್ರೆಯ ಹೊನಲುಬೆಳಕಿನ ಪಂದ್ಯವೊಂದರಲ್ಲಿ ಮೇಲೆ ಹೇಳಿದ ರೀತಿಯಲ್ಲಿಯೇ ಅವನ ಮೊಣಕಾಲು ಹೋಯಿತು. ಹಿಡಿದ ಇಬ್ಬರೂ ನಿಯಮ ಮುರಿದಿರಲಿಲ್ಲ. ಅವರಿಗೆ ಒಂದು ಅಂಕವೂ ಸಂದಿತು. ಅವನು ಈಗ ನಡೆಯುತ್ತಾನೆ, ಓಡಲಾರ. ಆ ವರ್ಷ ಕಬ್ಬಿನ ಕಟಾವಿಗೂ ಹೋಗಲಾಗಲಿಲ್ಲ. ನಮ್ಮಲ್ಲಿ ಎಷ್ಟೋ ಜನರು ನಮ್ಮ ನಮ್ಮ ಮನೆಗಳಿಂದ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗರು. ಇಂಥವರ ಒಂದು ಮೊಣಕಾಲಿನ ಮೇಲೆ ಇಡೀ ಮನೆಯ ಲೆಕ್ಕಾಚಾರ ನಿಂತಿರುತ್ತದೆ.

ನೆಲದ ವಿಷಯವನ್ನೂ ಮರೆಯಬಾರದು. ಅಂಕಣ ಸಮವಾಗಿ ಮೆತ್ತಗಿರಬೇಕು. ಮಣ್ಣು, ಜರಡಿ ಹಿಡಿದ ಗೊಬ್ಬರ, ಕಟ್ಟಿಗೆಯ ಹೊಟ್ಟು ಬೆರೆಸಿ ಸಿದ್ಧಪಡಿಸಬೇಕೆಂಬುದು ಹಳೆಯ ಕ್ರಮ. ದೊಡ್ಡ ಪಂದ್ಯಗಳೆಲ್ಲ ಈಗ ಮ್ಯಾಟಿನ ಮೇಲೆ. ಆಲಮಟ್ಟಿಯ ಹಿನ್ನೀರಿಗೆ ಮನೆಮಠ ಬಿಟ್ಟವರಿಗಾಗಿ ಕಟ್ಟಿದ ನಮ್ಮ ನವನಗರದಲ್ಲಿ ಬಯಲಿಗೇನೂ ಕೊರತೆಯಿಲ್ಲ, ಆದರೆ ಗರಸಿನ ನೆಲದ ಮೇಲೆ ಸುಣ್ಣದ ಗೆರೆ ಎಳೆದ ಮಾತ್ರಕ್ಕೆ ಅಂಕಣವಾಗದು. ಎರಡು ಗಾಡಿ ಮೆತ್ತನೆಯ ಮಣ್ಣಿಗೆ ಆಗುವ ಖರ್ಚು ಗೆದ್ದವರಿಗೆ ಕೊಡುವ ಶೀಲ್ಡಿನ ಬೆಲೆಗಿಂತ ಹೆಚ್ಚೇನೂ ಇರಲಾರದು.

ಇನ್ನು ಶಿಕ್ಷೆ. ಹಸಿರು ಕಾರ್ಡು ಎಚ್ಚರಿಕೆಗೆ, ಹಳದಿ ಬಂದರೆ 2 ನಿಮಿಷ ಹೊರಗೆ, ಕೆಂಪು ಬಂದರೆ ಪಂದ್ಯದಿಂದಲೇ ಹೊರಗೆ. ನಾನು ನೋಡಿದ ಜಾತ್ರೆಯ ಪಂದ್ಯಗಳಲ್ಲಿ ಈ ಕಾರ್ಡುಗಳು ನಿರ್ಣಾಯಕರ ಕಿಸೆಯಿಂದ ಹೊರಬಂದದ್ದು ಅಪರೂಪ. ಅವರನ್ನು ದೂರಿ ಫಲವಿಲ್ಲ. ಗೆರೆಯ ಅಂಚಿಗೆ ಒತ್ತಿ ನಿಂತ ಜನ ಯಾವ ಹಿಡಿತಕ್ಕೆ ಎಲ್ಲಕ್ಕಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಾರೆಂಬುದನ್ನು ಅವರೂ ಕೇಳುತ್ತಿರುತ್ತಾರೆ, ಮತ್ತು ಪಂದ್ಯ ಮುಗಿದ ಮೇಲೆ ಆ ಜನರ ನಡುವಿನಿಂದಲೇ ಅವರು ಮನೆಗೆ ಹೋಗಬೇಕು.