ಹದಿನೇಳು ಚೀಟಿಯ ಗೂಳಿಗಳು

ಮಗನ ಮನೆಗೆಂದು ಶಿಕಾಗೋಗೆ ಬಂದು ನಾಲ್ಕು ತಿಂಗಳಾಯಿತು. ಬರುವಾಗ ಮೊಮ್ಮಗನಿಗೆಂದು ತಂದ ಕ್ರಿಕೆಟ್ ಬ್ಯಾಟು ಮೂಲೆ ಸೇರಿದೆ. ಆರನೇ ಕ್ಲಾಸಿನ ಈ ಹುಡುಗನಿಗೆ ಬ್ಯಾಸ್ಕೆಟ್‌ಬಾಲೇ ಪ್ರಾಣ. ಅದರಲ್ಲೂ ತನ್ನ ಊರಿನ ತಂಡ, ಶಿಕಾಗೋ ಬುಲ್ಸ್. ಬುಲ್ಸ್ ಅಂದರೆ ಗೂಳಿಗಳು.

ಮೈಕೇಲ್ ಜೋರ್ಡಾನ್ ಇದ್ದ ಕಾಲದಲ್ಲಿ, 1991ರಿಂದ 1998ರೊಳಗೆ, ಈ ಗೂಳಿಗಳು ಆರು ಸಲ ಚಾಂಪಿಯನ್ ಆಗಿದ್ದವು. ಆಮೇಲೆ? 2025ರ ಏಪ್ರಿಲ್‌ಗೆ ಮುಗಿದ ಸಾಲಿನಲ್ಲಿ 82 ಪಂದ್ಯ ಆಡಿ 39 ಗೆಲುವು, 43 ಸೋಲು. ಅದರ ಹಿಂದಿನ ವರ್ಷವೂ ಸರಿಯಾಗಿ ಅಷ್ಟೇ. ಅದಕ್ಕೂ ಹಿಂದೆ 40 ಗೆಲುವು, 42 ಸೋಲು. ಮೂರು ವರ್ಷವೂ ಮುಖ್ಯ ಸುತ್ತಿನ ಹೊಸ್ತಿಲವರೆಗೆ ಹೋಗಿ, ಮೂರು ಸಲವೂ ಮಯಾಮಿ ತಂಡಕ್ಕೇ ಸೋತು ವಾಪಸ್. ಫಸ್ಟ್ ಕ್ಲಾಸೂ ಬರದ, ಫೇಲೂ ಆಗದ ಹುಡುಗರು ನಮ್ಮ ಸ್ಕೂಲಿನಲ್ಲೂ ಇದ್ದರು. ಮೇಷ್ಟ್ರಿಗೆ ಅವರ ಹೆಸರೇ ನೆನಪಿರುತ್ತಿರಲಿಲ್ಲ. (ನಾನೂ ಅವರಲ್ಲೊಬ್ಬ.)

ಇಲ್ಲಿಯ ಕಾನೂನು ವಿಚಿತ್ರ. ಪ್ರತಿ ವರ್ಷ ಹೊಸ ಆಟಗಾರರನ್ನು ತಂಡಗಳು ಸರದಿಯ ಮೇಲೆ ಆರಿಸಿಕೊಳ್ಳುತ್ತವೆ. ಮುಖ್ಯ ಸುತ್ತಿಗೆ ಹೋಗದ 14 ತಂಡಗಳಲ್ಲಿ ಮೊದಲ ಸರದಿ ಯಾರಿಗೆ ಎಂಬುದಕ್ಕೆ ಲಾಟರಿ. ಒಂದರಿಂದ ಹದಿನಾಲ್ಕರವರೆಗೆ ಅಂಕಿ ಬರೆದ ಚೆಂಡುಗಳಲ್ಲಿ ನಾಲ್ಕನ್ನು ಎತ್ತುತ್ತಾರೆ. ಹೀಗೆ 1001 ಜೋಡಣೆ ಆಗುತ್ತದೆ, ಬೇಕಿದ್ದರೆ ಮಕ್ಕಳು ಲೆಕ್ಕ ಹಾಕಿ ನೋಡಿ. ಒಂದನ್ನು ಬಿಟ್ಟು ಉಳಿದ ಸಾವಿರವನ್ನು ಹಂಚುತ್ತಾರೆ. ತೀರಾ ಸೋತ ಮೂರು ತಂಡಗಳಿಗೆ ತಲಾ 140 ಚೀಟಿ ಅನ್ನಿ. ನಮ್ಮ ಗೂಳಿಗಳಿಗೆ ಸಿಕ್ಕಿದ್ದು 17.

ಇಲ್ಲೇ ನನ್ನ ಮೊಮ್ಮಗ ನನ್ನನ್ನು ಸಿಕ್ಕಿಹಾಕಿಸಿದ್ದು. ಮಾರ್ಚ್ ಆರಂಭದವರೆಗೆ ಸೋಲುತ್ತಲೇ ಇದ್ದ ತಂಡ ಕೊನೆಯ 20 ಪಂದ್ಯಗಳಲ್ಲಿ 15 ಗೆದ್ದಿತ್ತು. ಮನೆಯಲ್ಲಿ ದಿನಾ ಕುಣಿತ. "ಅಜ್ಜ, ಅವರು ಗೆಲ್ಲದೆ ಇದ್ದಿದ್ರೆ ಜಾಸ್ತಿ ಚೀಟಿ ಸಿಗ್ತಿತ್ತಲ್ವಾ? ನಾನು ಖುಷಿ ಪಟ್ಟಿದ್ದು ತಪ್ಪಾ?" ಎಂದ. "ತಪ್ಪಲ್ಲ ಪುಟ್ಟ" ಎಂದೆ. ಯಾಕೆ ಎಂದು ಕೇಳಿದ. ಹೇಳಲಾಗಲಿಲ್ಲ.

2025ರ ಮೇ 12ರಂದು ಲಾಟರಿ ನಡೆದದ್ದೂ ಶಿಕಾಗೋದಲ್ಲೇ. ಗೆದ್ದದ್ದು ಡಲ್ಲಾಸ್. ಅವರದ್ದೂ 39 ಗೆಲುವು, 43 ಸೋಲು! ಸರಿಸಮ ಬಂದಿದ್ದರಿಂದ ಮೊದಲೇ ಅದೃಷ್ಟ ಪರೀಕ್ಷೆ ನಡೆಸಿ ಡಲ್ಲಾಸ್‌ಗೆ 18, ನಮಗೆ 17 ಎಂದು ಹಂಚಿದ್ದರು. ಎಲ್ಲರೂ ಆಸೆಪಟ್ಟಿದ್ದ ಕೂಪರ್ ಫ್ಲ್ಯಾಗ್ ಎಂಬ ಹುಡುಗ ಹೀಗೆ ಅವರ ಪಾಲಾದ. ಮೊಮ್ಮಗ ಆ ರಾತ್ರಿ ಊಟ ಮಾಡಲಿಲ್ಲ.

ಮಗ ಹಳೆಯ ಕಥೆ ಹೇಳಿ ಸಮಾಧಾನ ಮಾಡಿದ. 2008ರಲ್ಲೂ ಗೂಳಿಗಳಿಗೆ ಸಾವಿರದಲ್ಲಿ 17 ಚೀಟಿಯೇ ಇದ್ದವು, ಆದರೂ ಲಾಟರಿ ಹೊಡೆಯಿತು. ಆಗ ಬಂದವನು ಶಿಕಾಗೋದಲ್ಲೇ ಹುಟ್ಟಿ ಬೆಳೆದ ಡೆರಿಕ್ ರೋಸ್. 2011ರಲ್ಲಿ, 22ನೇ ವಯಸ್ಸಿಗೇ, ಲೀಗಿನ ಅತ್ಯುತ್ತಮ ಆಟಗಾರನಾದ. ಅಷ್ಟು ಚಿಕ್ಕವರು ಯಾರೂ ಆ ಪ್ರಶಸ್ತಿ ಪಡೆದಿರಲಿಲ್ಲ.

2025ರಲ್ಲಿ 12ನೇ ಸರದಿಯಲ್ಲಿ ಸಿಕ್ಕಿದ್ದು ಫ್ರಾನ್ಸಿನ ನೋವಾ ಎಸೆಂಗೆ, ಆಗ 18 ವರ್ಷ. ಕಾಯಬೇಕು. 2024ರಲ್ಲಿ ಬಂದ ಮಾಟಸ್ ಬುಜೆಲಿಸ್ ಪಕ್ಕದ ಊರಿನವನೇ, ಹಾರಿ ಚೆಂಡು ಹಾಕುವುದನ್ನು ನೋಡಲು ನನಗೂ ಇಷ್ಟ. ದೊಡ್ಡ ಪ್ರಶ್ನೆ ಇನ್ನೊಬ್ಬನದಾಗಿತ್ತು: ಆಸ್ಟ್ರೇಲಿಯಾದ ಜಾಶ್ ಗಿಡ್ಡಿ. ಹೆಸರು ಕೇಳಿ ನಾನು ನಕ್ಕುಬಿಟ್ಟೆ, ಆಸಾಮಿ ಆರೂವರೆ ಅಡಿಗೂ ಎತ್ತರ! ಅವನ ಒಪ್ಪಂದ ಮುಗಿದಿತ್ತು, 2025ರ ಜುಲೈ ಬಂದರೂ ಹೊಸದಕ್ಕೆ ಸಹಿ ಬಿದ್ದಿರಲಿಲ್ಲ. ಹೆಚ್ಚು ಕೊಟ್ಟರೆ ಮುಂದೆ ಬೇರೆಯವರನ್ನು ಕೊಳ್ಳಲು ಕೈ ಕಟ್ಟಿಹೋಗುತ್ತಿತ್ತು, ಬಿಟ್ಟರೆ ಚೆಂಡು ಹಂಚುವವನೇ ಇರುತ್ತಿರಲಿಲ್ಲ. ಉಳಿಸಿಕೊಳ್ಳಲಿ ಎಂಬುದು ನನ್ನ ಮತವಾಗಿತ್ತು. ಆದರೂ ಮುಂದಿನ ಸಲವೂ 40ರ ಆಸುಪಾಸೇ ಎಂದು ನನಗನಿಸುತ್ತದೆ. ಮೊಮ್ಮಗನದು 50. ಪಂಥ ಕಟ್ಟಿದ್ದೇವೆ. ಸೋತರೆ ನಾನು ಚೆಂಡು ಆಡಬೇಕು, ಅವನು ಸೋತರೆ ಮೂಲೆಯ ಬ್ಯಾಟು ಹಿಡಿಯಬೇಕು.

ಅಕ್ಟೋಬರಿನಲ್ಲಿ ಆಟ ಶುರುವಾಗುವಾಗ ನಾನು ಮೈಸೂರಿನಲ್ಲಿರುತ್ತೇನೆ. ಇಲ್ಲಿ ಸಂಜೆ ಏಳಾದರೆ ಅಲ್ಲಿ ಬೆಳಗಿನ ಐದೂವರೆ. ಫೋನ್ ಮಾಡಿ ಎಬ್ಬಿಸುತ್ತೇನೆ ಎಂದಿದ್ದಾನೆ.